ಹಳೆಯ ಕೋಡ್ ಮುರಿಯದಂತೆ ಲೈಬ್ರರಿಯ ಹೆಸರುಗಳನ್ನು ಸರಿಪಡಿಸುವುದು ಹೇಗೆ

ಪೈಥಾನ್‌ನಲ್ಲಿ ಲಾಗರ್ (ಪ್ರೋಗ್ರಾಮ್ ನಡೆಯುವಾಗಿನ ಘಟನೆಗಳನ್ನು ದಾಖಲಿಸುವ ಆಬ್ಜೆಕ್ಟ್) ಬೇಕಾದಾಗ ಲಾಗಿಂಗ್ ಮಾಡ್ಯೂಲ್‌ನ ‘ಗೆಟ್‌ಲಾಗರ್’ ಎಂಬ ಫಂಕ್ಷನ್ನನ್ನು ಕರೆಯುತ್ತೇವೆ. ಅದರ ಹೆಸರಿನಲ್ಲಿ ಎರಡು ಪದಗಳು ಅಂತರವಿಲ್ಲದೆ ಕೂಡಿಕೊಂಡಿವೆ, ಎರಡನೆಯ ಪದ ದೊಡ್ಡಕ್ಷರದಿಂದ ಶುರುವಾಗುತ್ತದೆ. ಅದೇ ಸ್ಟ್ಯಾಂಡರ್ಡ್ ಲೈಬ್ರರಿಯ ಮಲ್ಟಿಪ್ರೊಸೆಸಿಂಗ್ ಮಾಡ್ಯೂಲ್ ತನ್ನ ಲಾಗರ್ ಕೊಡುವ ಫಂಕ್ಷನ್‌ಗೆ ‘ಗೆಟ್_ಲಾಗರ್’ ಎಂದು ಹೆಸರಿಟ್ಟಿದೆ. ಇಲ್ಲಿ ಎಲ್ಲವೂ ಸಣ್ಣಕ್ಷರ, ಪದಗಳ ನಡುವೆ ಅಂಡರ್‌ಸ್ಕೋರ್. ಮೊದಲನೆಯದು ಕ್ಯಾಮಲ್‌ಕೇಸ್, ಎರಡನೆಯದು ಸ್ನೇಕ್‌ಕೇಸ್. ಕಲಿಯುವವರು ಇವೆರಡನ್ನೂ ಬೇರೆಬೇರೆಯಾಗಿ ನೆನಪಿಡಬೇಕು, ಮತ್ತು ಯಾವುದು ಎಲ್ಲಿ ಎಂಬುದನ್ನು ಊಹಿಸಲು ಯಾವ ಸೂತ್ರವೂ ಇಲ್ಲ.

ಇಂತಹ ವ್ಯತ್ಯಾಸಗಳಿಗೆ ಅಸಡ್ಡೆಗಿಂತ ಇತಿಹಾಸವೇ ಹೆಚ್ಚು ಕಾರಣ. 2001ರಲ್ಲಿ ಪೈಥಾನ್ 2.1ರೊಂದಿಗೆ ಬಂದ, ಕೋಡ್ ಪರೀಕ್ಷಿಸಲು ಬಳಸುವ ಯೂನಿಟ್‌ಟೆಸ್ಟ್ ಮಾಡ್ಯೂಲ್ ಜಾವಾದ ಜೆಯೂನಿಟ್ ಮಾದರಿಯಲ್ಲಿ ಹುಟ್ಟಿದ್ದು, ಅದರ ಹೆಸರುಗಳೂ ಜಾವಾ ಪದ್ಧತಿಯಲ್ಲೇ ಉಳಿದವು. ಹೆಸರಿಡುವ ನಿಯಮಗಳನ್ನು ಹೇಳುವ ಪೆಪ್ 8 ಎಂಬ ದಾಖಲೆ ಸಿದ್ಧವಾದದ್ದೂ ಅದೇ ವರ್ಷ. ಲಾಗಿಂಗ್ ಮಾಡ್ಯೂಲ್ ಅದಾದ ಮೇಲೆ, 2003ರಲ್ಲಿ ಪೈಥಾನ್ 2.3ರೊಂದಿಗೆ ಬಂದರೂ ಕ್ಯಾಮಲ್‌ಕೇಸ್ ಹೆಸರುಗಳನ್ನೇ ಹೊತ್ತು ತಂದಿತು. ಲೈಬ್ರರಿಯ ಹೆಸರುಗಳು ಅಸ್ತವ್ಯಸ್ತವಾಗಿವೆ, ಅವನ್ನು ಪೂರ್ತಿಯಾಗಿ ಏಕರೂಪಕ್ಕೆ ತರುವುದು ಎಂದಿಗೂ ಆಗದು ಎಂದು ಪೆಪ್ 8 ತಾನೇ ಒಪ್ಪಿಕೊಳ್ಳುತ್ತದೆ.

ನೀವು ನೋಡಿಕೊಳ್ಳುತ್ತಿರುವ ಲೈಬ್ರರಿ ಭಾಷೆಯ ಜೊತೆಗೇ ಬರುವಂಥದ್ದಾಗಿರಲಿ, ನಿಮ್ಮ ಕಚೇರಿಯ ನಾಲ್ಕೈದು ತಂಡಗಳು ಬಳಸುವಂಥದ್ದಾಗಿರಲಿ, ಇದೇ ಪ್ರಶ್ನೆ ಒಂದಲ್ಲ ಒಂದು ದಿನ ಎದುರಾಗುತ್ತದೆ. ಹೆಸರುಗಳನ್ನು ಸರಿಪಡಿಸಬೇಕೇ, ಬೇಡವೇ? ಸರಿಪಡಿಸುವುದಾದರೆ ಹಳೆಯ ಹೆಸರನ್ನು ನಂಬಿ ಬರೆದ ಕೋಡ್ ನಿಲ್ಲದಂತೆ ಹೇಗೆ ಸರಿಪಡಿಸಬೇಕು? ಈ ಎರಡನೆಯ ಪ್ರಶ್ನೆಗೆ ಉತ್ತರ ಸುಲಭವೆಂದು ಹೆಚ್ಚಿನವರು ಭಾವಿಸುತ್ತಾರೆ, ಆದರೆ ಕೆಲಸ ಇರುವುದು ಅಲ್ಲಿಯೇ.

ಮೊದಲು ಹೆಸರಿನ ದೋಷವನ್ನು ಗುರುತಿಸಿ

ಹೆಸರಿನ ದೋಷಗಳಲ್ಲಿ ಎರಡು ಬಗೆ ಇವೆ, ಮತ್ತು ಅವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಒಂದು ಬಗೆಯ ಹೆಸರು ನಿಯಮಕ್ಕೆ ಹೊಂದುವುದಿಲ್ಲ, ಆದರೆ ಸುಳ್ಳನ್ನೂ ಹೇಳುವುದಿಲ್ಲ. ಗೆಟ್‌ಲಾಗರ್ ಅಂಥದ್ದು, ಅದನ್ನು ಓದಿದವರಿಗೆ ತಪ್ಪು ತಿಳಿವಳಿಕೆ ಆಗುವುದಿಲ್ಲ. ಇನ್ನೊಂದು ಬಗೆಯ ಹೆಸರು ಓದುಗರ ದಾರಿ ತಪ್ಪಿಸುತ್ತದೆ. ಬೇಸ್64 ಮಾಡ್ಯೂಲ್‌ನಲ್ಲಿದ್ದ ‘ಎನ್‌ಕೋಡ್‌ಸ್ಟ್ರಿಂಗ್’ ಫಂಕ್ಷನ್ ಪೈಥಾನ್ 3ಕ್ಕೆ ಬಂದ ಮೇಲೆ ಬೈಟ್‌ಗಳನ್ನು ತೆಗೆದುಕೊಂಡು ಬೈಟ್‌ಗಳನ್ನೇ ಹಿಂದಿರುಗಿಸುತ್ತಿತ್ತು. ಹೆಸರಿನಲ್ಲಿದ್ದ ಸ್ಟ್ರಿಂಗ್‌ಗೂ ಅದರ ಕೆಲಸಕ್ಕೂ ಸಂಬಂಧವೇ ಉಳಿದಿರಲಿಲ್ಲ. ಟೈಮ್ ಮಾಡ್ಯೂಲ್‌ನ ‘ಕ್ಲಾಕ್’ ಇನ್ನೂ ಅಪಾಯಕಾರಿಯಾಗಿತ್ತು, ಏಕೆಂದರೆ ಅದು ಯೂನಿಕ್ಸ್‌ನಲ್ಲಿ ಪ್ರೊಸೆಸರ್ ಬಳಸಿದ ಸಮಯವನ್ನು ಕೊಟ್ಟರೆ ವಿಂಡೋಸ್‌ನಲ್ಲಿ ಕಳೆದುಹೋದ ನಿಜವಾದ ಸಮಯವನ್ನು ಕೊಡುತ್ತಿತ್ತು. ಇವುಗಳಲ್ಲಿ ಎನ್‌ಕೋಡ್‌ಸ್ಟ್ರಿಂಗ್ ಪೈಥಾನ್ 3.9ರಲ್ಲಿ, ಕ್ಲಾಕ್ 3.8ರಲ್ಲಿ ಲೈಬ್ರರಿಯಿಂದ ಹೊರಬಿದ್ದವು.

ರಸ್ಟ್ ಭಾಷೆಯ ‘ಟ್ರಿಮ್_ಲೆಫ್ಟ್’ ಕೂಡ ಈ ಎರಡನೆಯ ಗುಂಪಿಗೆ ಸೇರುತ್ತದೆ. ಅರಬ್ಬಿ, ಹೀಬ್ರೂ ಬರಹಗಳಲ್ಲಿ ಸಾಲು ಬಲದಿಂದ ಶುರುವಾಗುವುದರಿಂದ, ಸ್ಟ್ರಿಂಗ್‌ನ ಆರಂಭದ ಖಾಲಿ ಜಾಗವನ್ನು ಕತ್ತರಿಸುವ ಮೆಥಡ್‌ಗೆ ಎಡ ಎಂಬ ಹೆಸರು ಸಲ್ಲುವುದಿಲ್ಲ. ಹಾಗಾಗಿ ರಸ್ಟ್ 1.30ರಲ್ಲಿ ‘ಟ್ರಿಮ್_ಸ್ಟಾರ್ಟ್’ ಬಂದಿತು, 1.33ರಲ್ಲಿ ಹಳೆಯದನ್ನು ಡೆಪ್ರಿಕೇಟ್ (ಇನ್ನು ಮುಂದೆ ಬಳಸಬಾರದ್ದು) ಎಂದು ಗುರುತಿಸಲಾಯಿತು. ಆದರೆ ತೆಗೆದುಹಾಕಲಿಲ್ಲ.

ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ದಾರಿ ತಪ್ಪಿಸುವ ಹೆಸರನ್ನು ಬದಲಾಯಿಸಲೇಬೇಕು, ಏಕೆಂದರೆ ಅದನ್ನು ಹಾಗೆಯೇ ಬಿಟ್ಟರೆ ಹೊಸದಾಗಿ ಬರೆಯುವ ಕೋಡ್‌ನಲ್ಲೂ ತಪ್ಪುಗಳು ಹುಟ್ಟುತ್ತಲೇ ಇರುತ್ತವೆ. ಕೇವಲ ನಿಯಮಕ್ಕೆ ಹೊಂದದ ಹೆಸರಿನ ವಿಷಯದಲ್ಲಿ ಬದಲಾವಣೆಯ ಪೂರ್ತಿ ಖರ್ಚನ್ನು ನೀವು ಹೊರಲು ಸಿದ್ಧರಿದ್ದರೆ ಮಾತ್ರ ಕೈಹಾಕಿ. ಬಳಕೆದಾರರ ಮೇಲೆ ಹೊರಿಸುವುದಾದರೆ ಬೇಡ.

ಹೊಸ ಹೆಸರು ಇಡುವಾಗ ಯಾವ ನಿಯಮ ಪಾಲಿಸಬೇಕು

ಕ್ಯಾಮಲ್‌ಕೇಸ್ ತುಂಬಿರುವ ಹಳೆಯ ಮಾಡ್ಯೂಲ್‌ಗೆ ಹೊಸ ಮೆಥಡ್ ಸೇರಿಸುವಾಗ ಭಾಷೆಯ ನಿಯಮವನ್ನು ಅನುಸರಿಸಬೇಕೇ, ಮಾಡ್ಯೂಲ್‌ನ ರೂಢಿಯನ್ನೇ? ಮಾಡ್ಯೂಲ್‌ನ ರೂಢಿಯನ್ನೇ ಅನುಸರಿಸಿ. ಬಳಕೆದಾರರು ಒಂದು ಹೊತ್ತಿಗೆ ಒಂದು ಮಾಡ್ಯೂಲ್‌ನೊಂದಿಗೆ ಕೆಲಸ ಮಾಡುತ್ತಾರೆ, ಅವರ ಊಹೆ ಆ ಮಾಡ್ಯೂಲ್‌ನ ಒಳಗೆ ರೂಪುಗೊಳ್ಳುತ್ತದೆ. ‘ಅಸರ್ಟ್‌ಈಕ್ವಲ್’, ‘ಅಸರ್ಟ್‌ಟ್ರೂ’ ಎಂದು ಬರೆದು ಅಭ್ಯಾಸವಾದವರಿಗೆ ಮುಂದಿನ ಮೆಥಡ್ ಮಾತ್ರ ಅಂಡರ್‌ಸ್ಕೋರ್‌ನೊಂದಿಗೆ ಸಿಕ್ಕರೆ, ಮೊದಲು ಎರಡು ಮಾಡ್ಯೂಲ್‌ಗಳ ನಡುವೆ ಇದ್ದ ಅಸಂಗತಿ ಈಗ ಒಂದೇ ಕ್ಲಾಸ್‌ನ ಒಳಗೆ ಬಂದು ಕೂರುತ್ತದೆ. ಪೆಪ್ 8 ಕೂಡ ಕ್ಯಾಮಲ್‌ಕೇಸ್ ಈಗಾಗಲೇ ನೆಲೆಸಿರುವ ಕಡೆ ಅದನ್ನೇ ಮುಂದುವರಿಸಲು ಅವಕಾಶ ಕೊಡುತ್ತದೆ.

ಪೂರ್ತಿ ಹೊಸ ಮಾಡ್ಯೂಲ್ ಬರೆಯುವಾಗ ಭಾಷೆಯ ನಿಯಮಕ್ಕೆ ಒಂದಿಷ್ಟೂ ವಿನಾಯಿತಿ ಬೇಡ. ಗೋ ಭಾಷೆಯವರು ಈ ಅವಕಾಶವನ್ನು ಚೆನ್ನಾಗಿ ಬಳಸಿಕೊಂಡಿದ್ದಾರೆ. 2012ರಲ್ಲಿ ಗೋ 1 ಬಂದಾಗಲೇ ಹಳೆಯ ಪ್ರೋಗ್ರಾಮ್‌ಗಳು ಮುಂದೆಯೂ ಕಂಪೈಲ್ ಆಗುತ್ತವೆ ಎಂಬ ಮಾತು ಕೊಟ್ಟಿದ್ದರಿಂದ, ರ‍್ಯಾಂಡ್ ಪ್ಯಾಕೇಜ್‌ನ ‘ಇಂಟ್‌ಎನ್’ ಹೆಸರಿನಲ್ಲಿ ಸಣ್ಣದಾಗಿದ್ದ ಎನ್ ಅಕ್ಷರವನ್ನು ದೊಡ್ಡದು ಮಾಡುವುದಕ್ಕೂ ಅವರಿಗೆ ದಾರಿ ಇರಲಿಲ್ಲ. 2024ರಲ್ಲಿ ಗೋ 1.22ರೊಂದಿಗೆ ಅದೇ ಪ್ಯಾಕೇಜ್‌ನ ಎರಡನೇ ಆವೃತ್ತಿಯನ್ನು ಬೇರೆ ಇಂಪೋರ್ಟ್ ಹಾದಿಯಲ್ಲಿ ಇಟ್ಟು, ಅಲ್ಲಿ ಹೆಸರುಗಳನ್ನೆಲ್ಲ ಒಟ್ಟಿಗೆ ಸರಿಪಡಿಸಿದರು. ಹಳೆಯ ಪ್ಯಾಕೇಜ್ ತನ್ನ ಜಾಗದಲ್ಲೇ ಇದೆ. ಬದಲಾಯಿಸಬೇಕಾದ ಹೆಸರುಗಳು ಹತ್ತಾರು ಇದ್ದು, ಜೊತೆಗೆ ನಡವಳಿಕೆಯಲ್ಲೂ ತಿದ್ದುಪಡಿ ಬೇಕಾಗಿದ್ದರೆ, ಒಂದೊಂದು ಹೆಸರಿಗೂ ಅಲಿಯಾಸ್ (ಅದೇ ಕೆಲಸಕ್ಕೆ ಇನ್ನೊಂದು ಹೆಸರು) ಕಟ್ಟುವುದಕ್ಕಿಂತ ಈ ದಾರಿ ಮೇಲು.

ಆ ಹೆಸರನ್ನು ಯಾರು, ಎಲ್ಲಿ ಬರೆದಿದ್ದಾರೆ

ಬದಲಾಯಿಸುವುದೆಂದು ತೀರ್ಮಾನಿಸಿದ ಮೇಲೆ ಎಡಿಟರ್ ತೆರೆಯುವ ಮೊದಲು ಈ ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಿ. ಇಡೀ ಕೆಲಸದ ಕಷ್ಟ ಎಷ್ಟು ಎಂಬುದನ್ನು ನಿರ್ಧರಿಸುವುದು ಇದೇ.

ಬಳಕೆದಾರರು ಆ ಹೆಸರನ್ನು ಕರೆಯುವುದಷ್ಟೇ ಆಗಿದ್ದರೆ ಕೆಲಸ ಹಗುರ. ಯೂನಿಟ್‌ಟೆಸ್ಟ್‌ನಲ್ಲಿ ‘ಅಸರ್ಟ್‌ಈಕ್ವಲ್ಸ್’ ಎಂಬ ಹಳೆಯ ರೂಪ ಅಂಥದ್ದು. ಅದು ಅಸರ್ಟ್‌ಈಕ್ವಲ್‌ನ ಇನ್ನೊಂದು ಹೆಸರಷ್ಟೇ ಆಗಿತ್ತು. ಆದರೆ ಅದೇ ಕ್ಲಾಸ್‌ನ ‘ಸೆಟ್‌ಅಪ್’ ಬೇರೆ ಜಾತಿಯದು. ಅದನ್ನು ಬಳಕೆದಾರರು ಕರೆಯುವುದಿಲ್ಲ, ಅದರಿಂದ ಹುಟ್ಟಿಸಿದ ತಮ್ಮ ಸಬ್‌ಕ್ಲಾಸ್‌ನಲ್ಲಿ ಓವರ್‌ರೈಡ್ ಮಾಡುತ್ತಾರೆ, ಅಂದರೆ ಅದೇ ಹೆಸರಿನಲ್ಲಿ ತಮ್ಮದೇ ಮೆಥಡ್ ಬರೆಯುತ್ತಾರೆ, ಕರೆಯುವುದು ಲೈಬ್ರರಿ. ಲೈಬ್ರರಿ ಹೊಸ ಹೆಸರನ್ನು ಕರೆಯತೊಡಗಿದರೆ ಹಳೆಯ ಹೆಸರಿನಲ್ಲಿ ಬರೆದ ಮೆಥಡ್ ಯಾವ ದೋಷಸಂದೇಶವೂ ಇಲ್ಲದೆ ಸುಮ್ಮನೆ ನಡೆಯದೆ ಉಳಿಯುತ್ತದೆ. ಪ್ರೋಗ್ರಾಮ್ ಮುರಿದು ಬಿದ್ದರೆ ಕನಿಷ್ಠ ಗೊತ್ತಾಗುತ್ತದೆ. ಇದು ಗೊತ್ತೇ ಆಗುವುದಿಲ್ಲ.

ಮೂರನೆಯ ಜಾಗ ಆರ್ಗ್ಯುಮೆಂಟ್‌ಗಳ ಹೆಸರು. ಪೈಥಾನ್‌ನಲ್ಲಿ ಆರ್ಗ್ಯುಮೆಂಟನ್ನು ಹೆಸರು ಹಿಡಿದು ಕೊಡಬಹುದಾದ್ದರಿಂದ ಅದೂ ಸಾರ್ವಜನಿಕ ಹೆಸರೇ. ಪಿಎಚ್‌ಪಿಯಲ್ಲಿ 2020ರ 8.0 ಆವೃತ್ತಿಯವರೆಗೆ ಹೀಗಿರಲಿಲ್ಲ. ಆ ಆವೃತ್ತಿ ಈ ಸೌಲಭ್ಯವನ್ನು ತಂದ ದಿನದಿಂದ ಅಲ್ಲಿನ ಲೈಬ್ರರಿ ಬರೆಯುವವರೆಲ್ಲರ ಆರ್ಗ್ಯುಮೆಂಟ್ ಹೆಸರುಗಳು, ಅವರು ಬಯಸಲಿ ಬಿಡಲಿ, ಒಪ್ಪಂದದ ಭಾಗವಾದವು. ಪೈಥಾನ್ 3.8ರಿಂದ ಆರ್ಗ್ಯುಮೆಂಟ್ ಪಟ್ಟಿಯಲ್ಲಿ ಓರೆಗೆರೆ ಹಾಕಿ, ಅದರ ಎಡಕ್ಕಿರುವವುಗಳನ್ನು ಸ್ಥಾನದ ಮೇಲಷ್ಟೇ ಕೊಡಬೇಕೆಂದು ವಿಧಿಸಬಹುದು. ಹೆಸರಿನ ಬಗ್ಗೆ ನಿಮಗೇ ಖಾತ್ರಿ ಇಲ್ಲದ ಕಡೆ ಮೊದಲ ಬಿಡುಗಡೆಯಲ್ಲೇ ಇದನ್ನು ಬಳಸಿ.

ನಾಲ್ಕನೆಯದು ಸಂಗ್ರಹಿಸಿಟ್ಟ ಡೇಟಾ. ಪಿಕಲ್ ಮಾಡಿದ (ಪೈಥಾನ್‌ನ ಪಿಕಲ್ ಮಾಡ್ಯೂಲ್ ಬಳಸಿ ಉಳಿಸಿಟ್ಟ) ಆಬ್ಜೆಕ್ಟ್‌ನೊಳಗೆ ಮಾಡ್ಯೂಲ್‌ನ ಹೆಸರೂ ಕ್ಲಾಸ್‌ನ ಹೆಸರೂ ಅಕ್ಷರಶಃ ಬರೆದಿರುತ್ತವೆ. 2008ರ ಪೈಥಾನ್ 3.0ರಲ್ಲಿ ದೊಡ್ಡಕ್ಷರದ ಕ್ಯೂ, ಕಾನ್ಫಿಗ್‌ಪಾರ್ಸರ್ ಮೊದಲಾದ ಮಾಡ್ಯೂಲ್‌ಗಳನ್ನು ಸಣ್ಣಕ್ಷರಕ್ಕೆ ತಂದಾಗ ಹಳೆಯ ಪಿಕಲ್ ಫೈಲ್‌ಗಳು ಹಳೆಯ ಹೆಸರನ್ನೇ ಕೇಳುತ್ತಿದ್ದವು. ಆದ್ದರಿಂದ ಹಳೆ ಹೆಸರಿನಿಂದ ಹೊಸ ಹೆಸರಿಗೆ ಹೋಗುವ ಪಟ್ಟಿಯೊಂದನ್ನು ಪಿಕಲ್‌ನ ಒಳಗೇ ಇಡಬೇಕಾಯಿತು. ಡೇಟಾಬೇಸ್‌ನಲ್ಲೋ ಕಾನ್ಫಿಗ್ ಫೈಲ್‌ನಲ್ಲೋ ಕ್ಲಾಸ್‌ನ ಹೆಸರು ಸೇರಿಕೊಂಡಿದ್ದರೆ ಕೋಡ್‌ನಲ್ಲಿ ಎಷ್ಟು ಹುಡುಕಿದರೂ ಅದು ಸಿಗುವುದಿಲ್ಲ ಎಂಬುದನ್ನು ಮರೆಯಬೇಡಿ.

ಅಲಿಯಾಸ್ ಕಟ್ಟುವ ಕ್ರಮ

ಥ್ರೆಡಿಂಗ್ ಮಾಡ್ಯೂಲ್‌ನ ಕಂಡೀಷನ್ ಕ್ಲಾಸ್ ಅನ್ನೇ ತೆಗೆದುಕೊಳ್ಳೋಣ. 2008ರ ಪೈಥಾನ್ 2.6ರಲ್ಲಿ ಅದರ ‘ನೋಟಿಫೈಆಲ್’ ಮೆಥಡ್‌ಗೆ ‘ನೋಟಿಫೈ_ಆಲ್’ ಎಂಬ ಸ್ನೇಕ್‌ಕೇಸ್ ರೂಪ ಬಂದಿತು. ಮುಂದೆ ಬಹುಕಾಲ ಕ್ಲಾಸ್‌ನ ಒಳಗೆ ಹಳೆಯ ಹೆಸರಿಗೆ ಹೊಸ ಫಂಕ್ಷನ್ನನ್ನು ಅಸೈನ್ ಮಾಡುವ ಒಂದೇ ಸಾಲು ಸೇತುವೆಯ ಕೆಲಸ ಮಾಡುತ್ತಿತ್ತು. 2021ರ ಪೈಥಾನ್ 3.10ರಲ್ಲಿ ಆ ಸಾಲನ್ನು ತೆಗೆದು, ಎಚ್ಚರಿಕೆ ಕೊಟ್ಟು ಸೆಲ್ಫ್ (ಮೆಥಡ್ ಯಾವ ಆಬ್ಜೆಕ್ಟ್‌ನ ಮೇಲೆ ನಡೆಯುತ್ತಿದೆಯೋ ಅದು) ಮೂಲಕ ಹೊಸ ಮೆಥಡ್ ಅನ್ನು ಕರೆಯುವ ಸಣ್ಣ ಮೆಥಡ್ ಬರೆದರು.

ಇವೆರಡರ ನಡುವೆ ಎಚ್ಚರಿಕೆಯ ಹೊರತಾಗಿಯೂ ಒಂದು ವ್ಯತ್ಯಾಸವಿದೆ. ಅಸೈನ್ ಮಾಡಿದ ಅಲಿಯಾಸ್ ಮೂಲ ಕ್ಲಾಸ್‌ನ ಫಂಕ್ಷನ್ನನ್ನೇ ಹಿಡಿದುಕೊಂಡಿರುತ್ತದೆ. ಯಾರಾದರೂ ಸಬ್‌ಕ್ಲಾಸ್‌ನಲ್ಲಿ ಹೊಸ ಹೆಸರನ್ನು ಓವರ್‌ರೈಡ್ ಮಾಡಿದರೆ, ಹಳೆಯ ಹೆಸರಿನಿಂದ ಕರೆದವರಿಗೆ ಆ ಓವರ್‌ರೈಡ್ ತಲುಪುವುದೇ ಇಲ್ಲ. ಸೆಲ್ಫ್ ಮೂಲಕ ಹೋಗುವ ಮೆಥಡ್ ಸಬ್‌ಕ್ಲಾಸ್‌ನ ರೂಪವನ್ನು ಹುಡುಕಿ ಕರೆಯುತ್ತದೆ. ಆದ್ದರಿಂದ ಸಾಮಾನ್ಯ ಮೆಥಡ್‌ಗಳಿಗೆ, ಇನ್ನೂ ಎಚ್ಚರಿಕೆ ಕೊಡದ ಹಂತದಲ್ಲೂ, ಅಸೈನ್‌ಮೆಂಟ್ ಬದಲು ಕರೆಯನ್ನು ದಾಟಿಸುವ ಮೆಥಡ್ ಅನ್ನೇ ಬರೆಯಿರಿ.

ಬಳಕೆದಾರರು ಓವರ್‌ರೈಡ್ ಮಾಡುವ ಮೆಥಡ್‌ಗಳಲ್ಲಿ ಇಷ್ಟು ಸಾಲದು. ನಿಮ್ಮ ರೀಡರ್ ಎಂಬ ಕ್ಲಾಸ್‌ನಲ್ಲಿ ‘ಹ್ಯಾಂಡಲ್‌ಲೈನ್’ ಇದ್ದು, ಅದನ್ನು ‘ಹ್ಯಾಂಡಲ್_ಲೈನ್’ ಮಾಡಬೇಕೆಂದುಕೊಳ್ಳಿ. ಲೈಬ್ರರಿ ಇನ್ನು ಮುಂದೆ ಹೊಸ ಹೆಸರನ್ನು ಕರೆಯಬೇಕು, ಹಳೆಯ ಹೆಸರನ್ನು ಓವರ್‌ರೈಡ್ ಮಾಡಿದ ಸಬ್‌ಕ್ಲಾಸ್‌ಗಳೂ ನಡೆಯಬೇಕು. ಪೈಥಾನ್ 3.6ರಿಂದ ಲಭ್ಯವಿರುವ ‘ಇನಿಟ್_ಸಬ್‌ಕ್ಲಾಸ್’ ವಿಶೇಷ ಮೆಥಡ್ ಇಲ್ಲಿ ನೆರವಿಗೆ ಬರುತ್ತದೆ. ನಿಮ್ಮ ಕ್ಲಾಸ್‌ನಿಂದ ಯಾರು ಸಬ್‌ಕ್ಲಾಸ್ ಮಾಡಿದರೂ ಅದು ಆ ಕ್ಷಣದಲ್ಲೇ ನಡೆಯುತ್ತದೆ. ಅದರೊಳಗೆ ಆ ಸಬ್‌ಕ್ಲಾಸ್ ಹಳೆಯ ಹೆಸರನ್ನಷ್ಟೇ ಬರೆದಿದೆಯೇ ಎಂದು ನೋಡಿ, ಹೌದಾದರೆ ಅದೇ ಫಂಕ್ಷನ್ನನ್ನು ಹೊಸ ಹೆಸರಿಗೂ ಜೋಡಿಸಿ, ಸಬ್‌ಕ್ಲಾಸ್‌ನ ಹೆಸರನ್ನು ಹೇಳುವ ಎಚ್ಚರಿಕೆಯನ್ನೂ ಕೊಡಬಹುದು.

ಈಗ ಮೂಲ ಕ್ಲಾಸ್‌ನ ಹ್ಯಾಂಡಲ್‌ಲೈನ್ ಏನು ಮಾಡಬೇಕು? ಹಿಂದಿನ ಸಲಹೆಯಂತೆ ಸೆಲ್ಫ್ ಮೂಲಕ ಹ್ಯಾಂಡಲ್_ಲೈನ್ ಕರೆಯುವಂತೆ ಬರೆದರೆ ಹೀಗಾಗುತ್ತದೆ: ಹಳೆಯ ಹೆಸರನ್ನು ಓವರ್‌ರೈಡ್ ಮಾಡಿದವರು ತಮ್ಮ ಮೆಥಡ್‌ನ ಮೊದಲ ಸಾಲಿನಲ್ಲಿ ಸೂಪರ್ (ಮೇಲಿನ ಕ್ಲಾಸ್‌ನ ಮೆಥಡ್ ಕರೆಯುವ ಸೌಲಭ್ಯ) ಮೂಲಕ ಮೂಲ ಹ್ಯಾಂಡಲ್‌ಲೈನ್ ಅನ್ನು ಕರೆಯುತ್ತಾರೆ, ಅದು ಸೆಲ್ಫ್‌ನ ಹ್ಯಾಂಡಲ್_ಲೈನ್ ಅನ್ನು ಕರೆಯುತ್ತದೆ, ನಾವು ಜೋಡಿಸಿದ ಪ್ರಕಾರ ಅದು ಅವರ ಹ್ಯಾಂಡಲ್‌ಲೈನ್ ಆಗಿರುತ್ತದೆ, ಅದು ಮತ್ತೆ ಸೂಪರ್ ಅನ್ನು ಕರೆಯುತ್ತದೆ. ಈ ಸುತ್ತಿಗೆ ಕೊನೆಯೇ ಇಲ್ಲ. ರಿಕರ್ಷನ್ ಮಿತಿ ಮುಟ್ಟಿ ಪ್ರೋಗ್ರಾಮ್ ನಿಲ್ಲುತ್ತದೆ. ಹಾಗಾಗಿ ಓವರ್‌ರೈಡ್ ಆಗುವ ಮೆಥಡ್‌ಗಳಲ್ಲಿ ಮೂಲ ಕ್ಲಾಸ್‌ನ ಹಳೆಯ ಹೆಸರು ಸೆಲ್ಫ್ ಮೂಲಕ ಹೋಗಬಾರದು, ಮೂಲ ಕ್ಲಾಸ್‌ನ ಹೊಸ ಮೆಥಡ್ ಅನ್ನು ಕ್ಲಾಸ್‌ನ ಹೆಸರು ಹಿಡಿದೇ ಕರೆಯಬೇಕು. ಸಬ್‌ಕ್ಲಾಸ್ ಹೊಸ ಹೆಸರನ್ನಷ್ಟೇ ಬರೆದಿದ್ದರೆ ಅದಕ್ಕೂ ಹಳೆಯ ಹೆಸರಿನ ಜೋಡಿಯೊಂದನ್ನು ಅಲ್ಲಿಯೇ ಕಟ್ಟಬೇಕು, ಮತ್ತು ಆ ಜೋಡಿಯೂ ತನ್ನದೇ ಕ್ಲಾಸ್‌ನ ಮೆಥಡ್ ಅನ್ನು ನೇರವಾಗಿ ಕರೆಯಬೇಕು. ಪ್ರತಿಯೊಂದು ಕ್ಲಾಸ್‌ನಲ್ಲೂ ಎರಡೂ ಹೆಸರುಗಳು ಒಂದೇ ಕಡೆಗೆ ತೋರಿಸುತ್ತಿದ್ದರೆ ಸೂಪರ್ ಸರಪಳಿ ಎಲ್ಲೂ ತುಂಡಾಗುವುದಿಲ್ಲ, ಎಲ್ಲೂ ಸುತ್ತಿಕೊಳ್ಳುವುದಿಲ್ಲ.

ಎರಡೆರಡು ಕ್ಲಾಸ್‌ಗಳಿಂದ ಆನುವಂಶಿಕತೆ ಪಡೆದು, ಒಂದರಲ್ಲಿ ಹಳೆಯ ಹೆಸರು, ಇನ್ನೊಂದರಲ್ಲಿ ಹೊಸ ಹೆಸರು ಬರೆದಿರುವ ಸಂದರ್ಭಕ್ಕೆ ಬೇರೆ ಟೆಸ್ಟ್ ಬೇಕು. ಇಷ್ಟೆಲ್ಲ ಬರೆದ ಮೇಲೆ, ಒಂದು ಅಂಡರ್‌ಸ್ಕೋರ್‌ಗಾಗಿ ಇದನ್ನು ಹೊತ್ತುಕೊಳ್ಳಬೇಕೇ ಎಂದು ಮತ್ತೊಮ್ಮೆ ಕೇಳಿಕೊಳ್ಳಿ. ಯೂನಿಟ್‌ಟೆಸ್ಟ್‌ನ ಸೆಟ್‌ಅಪ್ ಇಂದಿಗೂ ಕ್ಯಾಮಲ್‌ಕೇಸ್‌ನಲ್ಲೇ ಇದೆ, ಅದು ಹಾಗೆಯೇ ಇರುವುದು ಸರಿ ಎಂದೇ ನಾನು ನಂಬುತ್ತೇನೆ.

ಟೆಸ್ಟ್‌ಗಳಲ್ಲಿ ಮಾಕ್ ಬಳಸುವವರನ್ನೂ ಗಮನದಲ್ಲಿಡಿ. ಅವರು ಹಳೆಯ ಫಂಕ್ಷನ್ನಿನ ಜಾಗದಲ್ಲಿ ನಕಲಿಯೊಂದನ್ನು ಇಟ್ಟಿರುತ್ತಾರೆ. ಲೈಬ್ರರಿಯ ಒಳಗಿನ ಕರೆಗಳು ಹೊಸ ಹೆಸರಿಗೆ ಬದಲಾದ ಕೂಡಲೇ ನಕಲಿಯನ್ನು ಬಿಟ್ಟು ಅಸಲಿ ಫಂಕ್ಷನ್ ನಡೆಯತೊಡಗುತ್ತದೆ. ಇದಕ್ಕೆ ಪೂರ್ಣ ಪರಿಹಾರವಿಲ್ಲದ ಕಾರಣ ಬಿಡುಗಡೆ ಟಿಪ್ಪಣಿಯಲ್ಲಿ ಒಂದು ಸಾಲು ಬರೆಯುವುದು ಒಳ್ಳೆಯದು.

ಎಚ್ಚರಿಕೆ ಯಾವಾಗ, ಹೇಗೆ

ಹೊಸ ಹೆಸರು ಬಂದ ಬಿಡುಗಡೆಯಲ್ಲೇ ಹಳೆಯ ಹೆಸರಿಗೆ ಎಚ್ಚರಿಕೆ ಹಾಕಬೇಡಿ. ನಿಮ್ಮ ಲೈಬ್ರರಿಯನ್ನು ಬಳಸುವವರೂ ಲೈಬ್ರರಿ ಬರೆಯುವವರಾಗಿರಬಹುದು, ಅವರು ನಿಮ್ಮ ಹಿಂದಿನ ಎರಡು ಮೂರು ಆವೃತ್ತಿಗಳಲ್ಲಿಯೂ ನಡೆಯುವ ಕೋಡ್ ಕೊಡಬೇಕಾಗಿರುತ್ತದೆ. ಅವರು ಬೆಂಬಲಿಸುವ ಎಲ್ಲ ಆವೃತ್ತಿಗಳಲ್ಲಿ ಹೊಸ ಹೆಸರು ಸಿಗುವವರೆಗೆ ಎಚ್ಚರಿಕೆಗೆ ಅವರು ಮಾಡಬಹುದಾದದ್ದು ಏನೂ ಇಲ್ಲ. ಥ್ರೆಡಿಂಗ್‌ನಲ್ಲಿ ಹೊಸ ಹೆಸರು ಬಂದು 13 ವರ್ಷಗಳಾದ ಮೇಲೆ ಎಚ್ಚರಿಕೆ ಬಂದಿತು. ಅಷ್ಟು ಕಾಲ ಎಲ್ಲರಿಗೂ ಬೇಕಾಗದು, ಆದರೆ ಕ್ರಮ ಅದೇ.

ಕಲೆಕ್ಷನ್ಸ್ ಮಾಡ್ಯೂಲ್‌ನ ಅನುಭವ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಮ್ಯಾಪಿಂಗ್, ಸೀಕ್ವೆನ್ಸ್ ಮೊದಲಾದ ಅಮೂರ್ತ ಕ್ಲಾಸ್‌ಗಳು 2012ರ ಪೈಥಾನ್ 3.3ರಲ್ಲಿ ‘ಕಲೆಕ್ಷನ್ಸ್.ಎಬಿಸಿ’ ಎಂಬ ಹೊಸ ಮನೆಗೆ ಹೋದವು. ಆದರೆ ಪೈಥಾನ್ 2.7ರಲ್ಲಿ ಆ ಮಾಡ್ಯೂಲ್ ಇರಲಿಲ್ಲ, ಮತ್ತು ಎರಡನ್ನೂ ಬೆಂಬಲಿಸುವವರು ಮೊದಲು ಒಂದು ಕಡೆ ಇಂಪೋರ್ಟ್ ಮಾಡಿ ನೋಡಿ, ಆಗದಿದ್ದರೆ ಇನ್ನೊಂದು ಕಡೆ ಹೋಗುವ ಕೋಡ್ ಬರೆಯಬೇಕಿತ್ತು. ಪೈಥಾನ್ 2ರ ಬೆಂಬಲ 2020ರ ಜನವರಿ 1ಕ್ಕೆ ಮುಗಿಯಿತು. ಆದರೂ ಹಳೆಯ ಜಾಗದ ಅಲಿಯಾಸ್‌ಗಳನ್ನು 3.9ರಲ್ಲಿ ಕೊನೆಯ ಬಾರಿಗೆ ಉಳಿಸಿಕೊಂಡು, 3.10ರಲ್ಲಷ್ಟೇ ತೆಗೆದರು.

ಎಚ್ಚರಿಕೆಯ ಸಂದೇಶದಲ್ಲಿ ಹಳೆಯ ಹೆಸರು, ಅದರ ಬದಲು ಬರೆಯಬೇಕಾದ ಪೂರ್ತಿ ಹೊಸ ಹೆಸರು, ತೆಗೆದುಹಾಕುವ ಆವೃತ್ತಿ ನಿರ್ಧಾರವಾಗಿದ್ದರೆ ಅದೂ ಇರಲಿ. ವಾರ್ನಿಂಗ್ಸ್ ಮಾಡ್ಯೂಲ್‌ನ ವಾರ್ನ್ ಫಂಕ್ಷನ್ನಿಗೆ ಸ್ಟ್ಯಾಕ್‌ಲೆವೆಲ್ 2 ಎಂದು ಕೊಡುವುದನ್ನು ಮರೆಯಬೇಡಿ. ಕೊಡದಿದ್ದರೆ ಎಚ್ಚರಿಕೆ ನಿಮ್ಮ ಲೈಬ್ರರಿಯ ಸಾಲನ್ನು ತೋರಿಸುತ್ತದೆಯೇ ಹೊರತು ಬಳಕೆದಾರರು ತಿದ್ದಬೇಕಾದ ಸಾಲನ್ನಲ್ಲ. ಡೆಪ್ರಿಕೇಷನ್‌ವಾರ್ನಿಂಗ್ ಎಂಬ ಬಗೆಯ ಎಚ್ಚರಿಕೆ ಸಾಮಾನ್ಯವಾಗಿ ಮುಖ್ಯ ಸ್ಕ್ರಿಪ್ಟ್‌ನ ಒಳಗಿನಿಂದ ಕರೆದಾಗ ಮಾತ್ರ ಕಾಣುತ್ತದೆ, ಉಳಿದ ಕಡೆ ಅಡಗಿರುತ್ತದೆ. ಪೈಟೆಸ್ಟ್‌ನಂತಹ ಸಾಧನಗಳು ಟೆಸ್ಟ್ ನಡೆಸುವಾಗ ಅದನ್ನು ತೋರಿಸುತ್ತವೆ, ಆದರೆ ಟೆಸ್ಟ್ ಬರೆಯದವರಿಗೆ ಅದು ತಲುಪುವುದೇ ಇಲ್ಲ. ಈ ಕಾರಣಕ್ಕೆ 2024ರ ಪೈಥಾನ್ 3.13ರೊಂದಿಗೆ ಬಂದ ‘ಡೆಪ್ರಿಕೇಟೆಡ್’ ಡೆಕೊರೇಟರ್ ಬಹಳ ಉಪಯುಕ್ತ. ಅದನ್ನು ಹಳೆಯ ಫಂಕ್ಷನ್ನಿನ ಮೇಲೆ ಹಾಕಿದರೆ ಟೈಪ್ ಚೆಕರ್‌ಗಳೂ ಎಡಿಟರ್‌ಗಳೂ ಕೋಡ್ ನಡೆಸುವ ಮೊದಲೇ ಅದನ್ನು ಗುರುತಿಸಬಲ್ಲವು.

ಮಾಡ್ಯೂಲ್ ಮಟ್ಟದ ಸ್ಥಿರಾಂಕಕ್ಕೋ ಕ್ಲಾಸ್‌ಗೋ ಹೆಸರು ಬದಲಾದಾಗ ಕರೆಯನ್ನು ಹಿಡಿಯಲು ಫಂಕ್ಷನ್ ಇರುವುದಿಲ್ಲ. ಅಲ್ಲಿ ಪೈಥಾನ್ 3.7ರಿಂದ ಮಾಡ್ಯೂಲ್‌ನಲ್ಲೇ ‘ಗೆಟ್‌ಆಟ್ರ್’ ಎಂಬ ವಿಶೇಷ ಫಂಕ್ಷನ್ ಬರೆದು, ಹಳೆಯ ಹೆಸರನ್ನು ಕೇಳಿದಾಗ ಎಚ್ಚರಿಕೆ ಕೊಟ್ಟು ಹೊಸದನ್ನು ಹಿಂದಿರುಗಿಸಿ.

ಸಾಧ್ಯವಾದರೆ ಬಳಕೆದಾರರ ಕೋಡನ್ನು ತಾನೇ ತಿದ್ದುವ ಸಾಧನವನ್ನೂ ಕೊಡಿ. ಅಸರ್ಟ್‌ಈಕ್ವಲ್ಸ್‌ನಂತಹ ಹಳೆಯ ಹೆಸರುಗಳನ್ನು ಪೈಅಪ್‌ಗ್ರೇಡ್ ಮತ್ತು ರಫ್ ಎಂಬ ಸಾಧನಗಳು ತಾವೇ ಬದಲಾಯಿಸುತ್ತವೆ. ಕರೆಯುವ ಹೆಸರುಗಳಿಗೆ ಇದು ಸಾಕಾಗುತ್ತದೆ.

ತೆಗೆಯುವುದೋ, ಬಿಡುವುದೋ

ಪೈಥಾನ್‌ನ ಹೊಂದಾಣಿಕೆ ನೀತಿಯಾದ ಪೆಪ್ 387ರ ಪ್ರಕಾರ ಎಚ್ಚರಿಕೆ ಕನಿಷ್ಠ ಎರಡು ಬಿಡುಗಡೆಗಳಲ್ಲಿ ಕಾಣಿಸಿಕೊಂಡ ಮೇಲೆಯೇ ತೆಗೆಯಬಹುದು. ಇದು ಕೆಳಮಿತಿ, ಗುರಿಯಲ್ಲ. ಅಸರ್ಟ್‌ಈಕ್ವಲ್ಸ್ ಅನ್ನು 3.2ರಲ್ಲಿ ಡೆಪ್ರಿಕೇಟ್ ಮಾಡಿ, 2023ರ 3.12ರಲ್ಲಿ ತೆಗೆದರು. ಲಾಗಿಂಗ್‌ನ ‘ವಾರ್ನ್’ ಮೆಥಡ್ 3.3ರಿಂದ ಡೆಪ್ರಿಕೇಟ್ ಆಗಿದ್ದರೂ, 3.13ರ ಆಲ್ಫಾ ಹಂತದಲ್ಲಿ ತೆಗೆದವರು ಅಂತಿಮ ಬಿಡುಗಡೆಗೆ ಮುನ್ನವೇ ಅದನ್ನು ಮರಳಿ ತಂದರು. ತೆಗೆದದ್ದನ್ನು ಮರಳಿ ತರುವ ಈ ಸಿದ್ಧತೆಯನ್ನು ನಾನು ತುಂಬಾ ಗೌರವಿಸುತ್ತೇನೆ. ಆಲ್ಫಾ, ಬೀಟಾ ಬಿಡುಗಡೆಗಳಿರುವುದೇ ಅದಕ್ಕಾಗಿ.

ಎರಡು ಹೆಸರುಗಳು ಒಟ್ಟಿಗೆ ಇರುವುದರಿಂದ ನಿಮಗೆ ಆಗುವ ಖರ್ಚು ಎರಡು ಸಾಲು ಕೋಡ್ ಮಾತ್ರವಾಗಿದ್ದರೆ ತೆಗೆಯಲು ಕಾರಣವಿಲ್ಲ. ಜಾವಾಸ್ಕ್ರಿಪ್ಟ್‌ನಲ್ಲಂತೂ ತೆಗೆಯುವ ಪ್ರಶ್ನೆಯೇ ಏಳುವುದಿಲ್ಲ, ಏಕೆಂದರೆ ವೆಬ್‌ನಲ್ಲಿರುವ ಹಳೆಯ ಪುಟಗಳನ್ನು ತಿದ್ದಲು ಅವುಗಳ ಒಡೆಯರೇ ಇಲ್ಲದಿರಬಹುದು. 2019ರ ಆವೃತ್ತಿಯಲ್ಲಿ ‘ಟ್ರಿಮ್‌ಸ್ಟಾರ್ಟ್’ ಬಂದಾಗ ‘ಟ್ರಿಮ್‌ಲೆಫ್ಟ್’ ಅದೇ ಫಂಕ್ಷನ್ನಿನ ಎರಡನೆಯ ಹೆಸರಾಗಿ ಉಳಿಯಿತು. ಅಲ್ಲಿ ಹೊಸ ಹೆಸರು ಇಡುವುದಕ್ಕೂ ಸ್ವಾತಂತ್ರ್ಯ ಕಡಿಮೆ. ಅರೇಗಳಿಗೆ ‘ಫ್ಲಾಟನ್’ ಎಂಬ ಮೆಥಡ್ ತರಲು ಹೊರಟಾಗ, ಮೂಟೂಲ್ಸ್ ಎಂಬ ಹಳೆಯ ಲೈಬ್ರರಿ ಅದೇ ಹೆಸರನ್ನು ತನ್ನದೇ ಅರ್ಥದಲ್ಲಿ ಬಳಸಿದ್ದ ಪುಟಗಳು ಕೆಡುತ್ತವೆಂದು 2018ರಲ್ಲಿ ತಿಳಿದುಬಂದು, ಹೆಸರನ್ನು ‘ಫ್ಲ್ಯಾಟ್’ ಎಂದು ಬದಲಾಯಿಸಿದರು.

ತೆಗೆಯಲೇಬೇಕಾದ ಸಂದರ್ಭದಲ್ಲಿ, ತೆಗೆದ ಹೆಸರನ್ನು ದಾಖಲೆಗಳಿಂದ ಅಳಿಸಬೇಡಿ. ಹಳೆಯ ಕೋಡ್ ಕೈಗೆ ಬಂದವರು ಹುಡುಕುವುದು ಹಳೆಯ ಹೆಸರನ್ನೇ. ಯಾವ ಆವೃತ್ತಿಯಲ್ಲಿ ಹೋಯಿತು, ಬದಲಿಗೆ ಏನು ಬರೆಯಬೇಕು, ನಡವಳಿಕೆಯಲ್ಲಿ ವ್ಯತ್ಯಾಸವಿದ್ದರೆ ಅದೇನು ಎಂಬ ಮೂರು ವಿವರಗಳೊಂದಿಗೆ ಆ ಹೆಸರು ಸೂಚಿಯಲ್ಲಿ ಉಳಿಯಲಿ. ಮಾಡ್ಯೂಲ್‌ನ ಗೆಟ್‌ಆಟ್ರ್ ಅನ್ನೂ ಒಂದೆರಡು ಬಿಡುಗಡೆಗಳ ಮಟ್ಟಿಗೆ ಇಟ್ಟುಕೊಂಡು, ಹೊಸದನ್ನು ಹಿಂದಿರುಗಿಸುವ ಬದಲು ಅವೇ ವಿವರಗಳಿರುವ ಆಟ್ರಿಬ್ಯೂಟ್‌ಎರರ್ ಎತ್ತುವಂತೆ ಮಾಡಿ.